ಪ್ರಶ್ನೋತ್ತರ: ಅಧ್ಯಕ್ಷರ ತೆರಿಗೆ ಕಡತದ ಬೀಗ ಯಾರ ಕೈಯಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಅವರ ಆದಾಯ ತೆರಿಗೆ ರಿಟರ್ನ್ಸ್ ಸುತ್ತ ನಡೆದ ಜಗಳ. ಸಂಸತ್ತಿನ ಸಮಿತಿಯೊಂದು 2019ರಲ್ಲಿ ಅವನ್ನು ಕೇಳಿತು, ಅವು ಹೊರಬಂದದ್ದು 2022ರ ಕೊನೆಗೆ. ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ರಿಟರ್ನ್ಸ್ ಬಹಿರಂಗಪಡಿಸಲೇಬೇಕು ಎಂಬ ಕಾನೂನು ಇದೆಯೇ?

ಉತ್ತರ: ಕಾನೂನಿಲ್ಲ, ಇದ್ದದ್ದು ರೂಢಿ. ಅದು ಬೇರೂರಿದ್ದೂ ಯಾರೋ ದೊಡ್ಡ ಮನಸ್ಸು ಮಾಡಿದ್ದರಿಂದಲ್ಲ, ಒಬ್ಬರು ಸಿಕ್ಕಿಬಿದ್ದಿದ್ದರಿಂದ. ರಿಚರ್ಡ್ ನಿಕ್ಸನ್ 1970ರಲ್ಲಿ ಕಟ್ಟಿದ ಆದಾಯ ತೆರಿಗೆ 792 ಡಾಲರ್ 81 ಸೆಂಟ್, 1971ರಲ್ಲಿ ಕಟ್ಟಿದ್ದು 878 ಡಾಲರ್ 3 ಸೆಂಟ್ ಎಂದು 1973ರ ಅಕ್ಟೋಬರ್‌ನಲ್ಲಿ ಪ್ರಾವಿಡೆನ್ಸ್ ಜರ್ನಲ್ ಪತ್ರಿಕೆ ಬರೆಯಿತು. ಅಧ್ಯಕ್ಷರ ಸಂಬಳವೇ ಆಗ ವರ್ಷಕ್ಕೆ 2 ಲಕ್ಷ ಡಾಲರ್. ಉಪಾಧ್ಯಕ್ಷರಾಗಿದ್ದ ಕಾಲದ ಕಾಗದಪತ್ರಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ದಾನ ಕೊಟ್ಟೆ ಎಂದು ಅವರು ಸುಮಾರು 5.76 ಲಕ್ಷ ಡಾಲರ್ ಕಡಿತ ತೋರಿಸಿದ್ದರು. ಅಂಥ ದಾನಕ್ಕೆ ಸಿಗುತ್ತಿದ್ದ ಕಡಿತ 1969ರ ಜುಲೈ 25ಕ್ಕೇ ಮುಗಿದಿತ್ತು. ದಾನಪತ್ರ ಸಿದ್ಧವಾದದ್ದು ಅದಾದ ಮೇಲೆ, ಅದರ ಮೇಲಿದ್ದದ್ದು ಹಿಂದಿನ ತಾರೀಖು. ಡಿಸೆಂಬರ್‌ನಲ್ಲಿ ನಿಕ್ಸನ್ ತಾವೇ ರಿಟರ್ನ್ಸ್ ಹೊರಗಿಟ್ಟು, ಸಂಸತ್ತಿನ ಜಂಟಿ ತೆರಿಗೆ ಸಮಿತಿ ನೋಡಿ ಹೇಳಲಿ ಎಂದರು. ಸಮಿತಿ ನೋಡಿತು, ಬಡ್ಡಿ ಸೇರಿ 4,76,431 ಡಾಲರ್ ಬಾಕಿ ಎಂದಿತು.

ಆಮೇಲೆ ಜೆರಾಲ್ಡ್ ಫೋರ್ಡ್ ಸಾರಾಂಶವಷ್ಟೇ ಕೊಟ್ಟದ್ದು ಬಿಟ್ಟರೆ, ಅಧ್ಯಕ್ಷರೆಲ್ಲ ರಿಟರ್ನ್ಸ್ ತೋರಿಸುತ್ತಲೇ ಬಂದರು. ಟ್ರಂಪ್ ತೋರಿಸಲಿಲ್ಲ. ರೂಢಿ ಮುರಿದವರಿಗೆ ದಂಡವಿಲ್ಲ.

ಪ್ರಶ್ನೆ: ಹಾಗಾದರೆ ಸಂಸತ್ತಿನ ಸಮಿತಿ ಯಾವ ಅಧಿಕಾರದಿಂದ ಕೇಳಿತು?

ಉತ್ತರ: ಅಲ್ಲಿನ ಆದಾಯ ತೆರಿಗೆ ಕಾಯ್ದೆಯ ಕಲಂ 6103ರ ಪ್ರಕಾರ ಯಾರ ರಿಟರ್ನ್ಸೇ ಆಗಲಿ, ಗೋಪ್ಯ. ಆದರೆ ಅದೇ ಕಲಮಿನಲ್ಲಿ ಒಂದು ಕಿಂಡಿ ಇದೆ. ಪ್ರತಿನಿಧಿ ಸಭೆಯಲ್ಲಿ ತೆರಿಗೆ ವಿಷಯ ನೋಡುವ ವೇಸ್ ಆ್ಯಂಡ್ ಮೀನ್ಸ್ ಸಮಿತಿ, ಸೆನೆಟ್‌ನ ಹಣಕಾಸು ಸಮಿತಿ, ಜಂಟಿ ತೆರಿಗೆ ಸಮಿತಿ, ಈ ಮೂರರಲ್ಲಿ ಯಾವುದರ ಮುಖ್ಯಸ್ಥರಾದರೂ ಬರವಣಿಗೆಯಲ್ಲಿ ಕೇಳಿದರೆ ಖಜಾನೆ ಕಾರ್ಯದರ್ಶಿ (ಅಲ್ಲಿನ ಹಣಕಾಸು ಸಚಿವ) ಕೊಡತಕ್ಕದ್ದು. ‘ಕೊಡಬಹುದು’ ಎಂದಿಲ್ಲ, ‘ಕೊಡತಕ್ಕದ್ದು’ ಎಂದಿದೆ; ಇಡೀ ಜಗಳ ನಿಂತಿದ್ದು ಆ ಒಂದು ಪದದ ಮೇಲೆ. ನೋಡುವುದು ಮಾತ್ರ ಮುಚ್ಚಿದ ಬಾಗಿಲಿನ ಸಭೆಯಲ್ಲಿ. ಸಮಿತಿ ಮತ ಹಾಕಿ ಸದನಕ್ಕೆ ಒಪ್ಪಿಸಿದರೆ ಕಡತ ಜನರ ಮುಂದೆ ಬರುತ್ತದೆ. ಕಿಂಡಿಯ ಮೂಲ 1924ರ ಕಾನೂನು. ಟೀಪಾಟ್ ಡೋಮ್ ತೈಲ ಹಗರಣ, ಖಜಾನೆ ಕಾರ್ಯದರ್ಶಿ ಆ್ಯಂಡ್ರೂ ಮೆಲನ್ ಅವರ ಸ್ವಂತ ಉದ್ಯಮಗಳು, ಇವೆರಡೂ ಸಂಸತ್ತನ್ನು ಕೆಣಕಿದ ಕಾಲ ಅದು.

ಪ್ರಶ್ನೆ: ಕಾನೂನು ಇಷ್ಟು ನೇರವಾಗಿದ್ದರೆ ಮೂರೂವರೆ ವರ್ಷ ಏಕೆ ಹಿಡಿಯಿತು?

ಉತ್ತರ: ಕೊಡಬೇಕಾದವರು ಅಧ್ಯಕ್ಷರ ಕೈಕೆಳಗಿನವರು. ವೇಸ್ ಆ್ಯಂಡ್ ಮೀನ್ಸ್ ಸಮಿತಿಯ ಮುಖ್ಯಸ್ಥ, ಡೆಮಾಕ್ರಟಿಕ್ ಪಕ್ಷದ ರಿಚರ್ಡ್ ನೀಲ್ 2019ರ ಏಪ್ರಿಲ್ 3ರಂದು ಪತ್ರ ಬರೆದು ಟ್ರಂಪ್ ಅವರ ಮತ್ತು ಅವರ ಎಂಟು ಸಂಸ್ಥೆಗಳ ಆರು ವರ್ಷದ ರಿಟರ್ನ್ಸ್ ಕೇಳಿದರು. ಇದಕ್ಕೆ ಶಾಸನ ರಚನೆಯ ಉದ್ದೇಶವೇ ಇಲ್ಲ ಎಂದು ಖಜಾನೆ ಕಾರ್ಯದರ್ಶಿ ಸ್ಟೀವನ್ ಮ್ನೂಚಿನ್ ಮೇ 6ರಂದು ನಿರಾಕರಿಸಿದರು. ಜುಲೈನಲ್ಲಿ ಸಮಿತಿ ಕೋರ್ಟಿಗೆ ಹೋಯಿತು. ಅಲ್ಲಿಂದ ಕಡತ ಕದಲಲಿಲ್ಲ, ಸರ್ಕಾರ ಬದಲಾಗುವವರೆಗೆ. ಜೋ ಬೈಡನ್ ಕಾಲದಲ್ಲಿ, 2021ರ ಜುಲೈ 30ರಂದು, ನ್ಯಾಯ ಇಲಾಖೆ ತನ್ನದೇ ಹಳೆಯ ಅಭಿಪ್ರಾಯ ತಿರುಗಿಸಿ ‘ಕೊಡಲೇಬೇಕು’ ಎಂದಿತು. ಆಗ ಟ್ರಂಪ್ ತಡೆ ಕೋರಿದರು. ಡಿಸೆಂಬರ್‌ನಲ್ಲಿ ಅದನ್ನು ತಳ್ಳಿಹಾಕಿದ ನ್ಯಾಯಾಧೀಶ ಟ್ರೆವರ್ ಮೆಕ್‌ಫಾಡನ್ ಸ್ವತಃ ಟ್ರಂಪ್ ಅವರೇ ನೇಮಿಸಿದವರು. ಮೇಲ್ಮನವಿ 2022ರ ಆಗಸ್ಟ್‌ನಲ್ಲಿ ಬಿತ್ತು, ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಕೂಡ ತಡೆ ನಿರಾಕರಿಸಿತು.

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಷ್ಟರಲ್ಲಿ ಚುನಾವಣೆ ಮುಗಿದು, 2023ರ ಜನವರಿ 3ಕ್ಕೆ ಸದನ ರಿಪಬ್ಲಿಕನ್ನರ ಕೈಗೆ ಹೋಗುವುದು ಖಚಿತವಾಗಿತ್ತು. ಸಮಿತಿಗೆ ಉಳಿದದ್ದು ಆರು ವಾರ. ಡಿಸೆಂಬರ್ 20ರಂದು 24–16 ಮತದಿಂದ, ಪಕ್ಷದ ಗೆರೆ ಒಂದಿಷ್ಟೂ ದಾಟದೆ, ಬಿಡುಗಡೆಗೆ ಒಪ್ಪಿಗೆಯಾಯಿತು. 30ರಂದು ಸುಮಾರು 6,000 ಪುಟ ಹೊರಬಂದವು. ವಾದದಲ್ಲಿ ಸೋತ ಪಕ್ಷ ಗಡಿಯಾರದಲ್ಲಿ ಹೆಚ್ಚೂಕಡಿಮೆ ಗೆದ್ದಿತ್ತು.

ಪ್ರಶ್ನೆ: ‘ಆಡಿಟ್ ನಡೆಯುತ್ತಿದೆ, ಅದಕ್ಕೇ ತೋರಿಸುತ್ತಿಲ್ಲ’ ಎಂದು ಟ್ರಂಪ್ ಹೇಳುತ್ತಿದ್ದರಲ್ಲ?

ಉತ್ತರ: ಆಡಿಟ್ ನಡೆಯುವಾಗ ತನ್ನ ರಿಟರ್ನ್ಸ್ ತಾನೇ ತೋರಿಸಬಾರದೆಂದು ಯಾವ ನಿಯಮವೂ ಇಲ್ಲ; ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಕೂಡ ಹಾಗೆಂದೇ ಹೇಳಿದೆ. ಇದರಲ್ಲಿ ನೋಡಬೇಕಾದ್ದು ಬೇರೆ. ಅಧ್ಯಕ್ಷ, ಉಪಾಧ್ಯಕ್ಷರ ರಿಟರ್ನ್ಸ್ ಪ್ರತಿ ವರ್ಷ ಕಡ್ಡಾಯವಾಗಿ ಪರಿಶೀಲಿಸಬೇಕೆಂದು ಐಆರ್‌ಎಸ್‌ನ ಕೈಪಿಡಿ 1977ರಿಂದ ಹೇಳುತ್ತದೆ. ವಿವರ ಎಷ್ಟು ಬಿಗಿ ಎಂದರೆ, ಆ ಕಾಗದಗಳನ್ನು ಕಿತ್ತಳೆ ಬಣ್ಣದ ಫೋಲ್ಡರಿನಲ್ಲೇ ಇಡಬೇಕು, ಬೇರೆ ನೌಕರರ ಕಣ್ಣಿಗೆ ಬೀಳಬಾರದು, ಪರಿಶೀಲಕ ಕುರ್ಚಿ ಬಿಟ್ಟು ಎದ್ದರೆ ಬೀಗವಿರುವ ಡ್ರಾಯರಿಗೆ ಸೇರಿಸಬೇಕು. ಫೋಲ್ಡರಿನ ಬಣ್ಣಕ್ಕೆ ನಿಯಮ ಬರೆದವರು ಕೆಲಸ ಮುಗಿಯಿತೇ ಎಂದು ನೋಡುವುದಕ್ಕೆ ಬರೆದಿಲ್ಲ. ಟ್ರಂಪ್ ಅಧಿಕಾರದ ಮೊದಲ ಎರಡು ವರ್ಷ ಕಡ್ಡಾಯ ಪರಿಶೀಲನೆ ನಡೆದೇ ಇರಲಿಲ್ಲ ಎಂದಿತು ಸಮಿತಿಯ ವರದಿ. ಒಂದು ರಿಟರ್ನ್‌ನ ಪರಿಶೀಲನೆ ಶುರುವಾದದ್ದು ನೀಲ್ ಪತ್ರ ಬರೆದ ದಿನವೇ! ಟ್ರಂಪ್ ಅವರ ಮೊದಲ ಅವಧಿ ಮುಗಿಯುವವರೆಗೂ ಒಂದೂ ಮುಗಿಯಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ನೂರಾರು ಪಾಲುದಾರಿಕೆ, ಕಂಪನಿಗಳ ಲೆಕ್ಕ ಒಂದೇ ವ್ಯಕ್ತಿಯ ರಿಟರ್ನ್‌ಗೆ ಹರಿದುಬರುವಾಗ, ಬೆರಳೆಣಿಕೆಯ ಸಿಬ್ಬಂದಿ ಕೂತರೆ ಎಲ್ಲಿಂದ ಹಿಡಿಯಬೇಕು?

ಪ್ರಶ್ನೆ: ನ್ಯೂಯಾರ್ಕ್ ಅಟಾರ್ನಿಗೆ ದಾಖಲೆ ಮೊದಲೇ ಸಿಕ್ಕಿತ್ತಂತೆ. ಸಂಸತ್ತಿಗೆ ಸಿಗದ್ದು ಅವರಿಗೆ ಹೇಗೆ ಸಿಕ್ಕಿತು?

ಉತ್ತರ: ಅವರು ಐಆರ್‌ಎಸ್ ಬಾಗಿಲು ತಟ್ಟಲೇ ಇಲ್ಲ. ಮ್ಯಾನ್‌ಹಟನ್‌ನ ಜಿಲ್ಲಾ ಅಟಾರ್ನಿ (ಸರ್ಕಾರಿ ಅಭಿಯೋಜಕ) ಸೈರಸ್ ವ್ಯಾನ್ಸ್ ಸಮನ್ಸ್ ಕಳಿಸಿದ್ದು ಟ್ರಂಪ್ ಅವರ ಲೆಕ್ಕಪತ್ರ ನೋಡುತ್ತಿದ್ದ ಮಜಾರ್ಸ್ ಸಂಸ್ಥೆಗೆ, ಅದೂ ಕ್ರಿಮಿನಲ್ ತನಿಖೆಯ ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಲು ಸಾಕ್ಷ್ಯವಿದೆಯೇ ಎಂದು ನೋಡುವ ನಾಗರಿಕರ ಮಂಡಳಿ) ಹೆಸರಿನಲ್ಲಿ. 2020ರ ಜುಲೈ 9ರಂದು ಸುಪ್ರೀಂ ಕೋರ್ಟ್ 7–2 ಬಹುಮತದಿಂದ, ಅಧ್ಯಕ್ಷರಿಗೆ ಅಂಥ ಸಮನ್ಸ್‌ನಿಂದ ಪೂರ್ಣ ರಕ್ಷಣೆ ಇಲ್ಲ ಎಂದಿತು. ಅದೇ ದಿನ, ಅದೇ 7–2ರಿಂದ, ಅದೇ ಮಜಾರ್ಸ್‌ಗೆ ಸಂಸತ್ತಿನ ಸಮಿತಿಗಳು ಕಳಿಸಿದ್ದ ಸಮನ್ಸ್ ಮಾತ್ರ ಮರುವಿಚಾರಣೆಗೆ ಕೆಳಗಿನ ಕೋರ್ಟಿಗೆ ವಾಪಸಾಯಿತು. ವ್ಯಾನ್ಸ್ ಕೈಗೆ ದಾಖಲೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಆದರೆ ಗ್ರ್ಯಾಂಡ್ ಜ್ಯೂರಿಗೆ ಹೋದ ಕಾಗದ ಗುಟ್ಟಾಗಿಯೇ ಇರಬೇಕು, ಆದ್ದರಿಂದ ಜನರಿಗೆ ಏನೂ ಕಾಣಲಿಲ್ಲ.

ಪ್ರಶ್ನೆ: ಅಷ್ಟು ಶ್ರೀಮಂತರು 750 ಡಾಲರ್ ತೆರಿಗೆ ಕಟ್ಟಿದ್ದು ಕಾನೂನುಬದ್ಧವೇ?

ಉತ್ತರ: ಮೊತ್ತ ನೋಡಿ ಅಪರಾಧ ಎನ್ನಲಾಗದು. ಟ್ರಂಪ್ ದಂಪತಿ ಕಟ್ಟಿದ ಫೆಡರಲ್ ಆದಾಯ ತೆರಿಗೆ ಹೀಗಿದೆ: 2015ರಲ್ಲಿ 6,41,931 ಡಾಲರ್, 2016ರಲ್ಲಿ 750, 2017ರಲ್ಲಿ 750, 2018ರಲ್ಲಿ 9,99,466, 2019ರಲ್ಲಿ 1,33,445, 2020ರಲ್ಲಿ ಸೊನ್ನೆ. ಇಳಿಸಿದ್ದು ಮುಖ್ಯವಾಗಿ ಎರಡು. ಒಂದು, ಹಿಂದಿನ ವರ್ಷಗಳ ವ್ಯಾಪಾರ ನಷ್ಟವನ್ನು ಮುಂದಕ್ಕೆ ತಂದು ಆದಾಯದಿಂದ ಕಳೆಯುವುದು. 2015ರ ರಿಟರ್ನ್‌ಗೆ ಹೀಗೆ ಬಂದ ನಷ್ಟ 10.5 ಕೋಟಿ ಡಾಲರ್. ಇನ್ನೊಂದು, ವ್ಯಾಪಾರ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಕಳೆಯುವ ರಿಯಾಯಿತಿ. 2017ರಲ್ಲಿ 74 ಲಕ್ಷ ಡಾಲರಿಗೂ ಹೆಚ್ಚು ಬಂದಿದ್ದ ತೆರಿಗೆಯನ್ನು ಅದೇ 750ಕ್ಕೆ ತಂದಿತು. ಎರಡಕ್ಕೂ ಕಾನೂನಿನಲ್ಲಿ ಜಾಗವಿದೆ. ಕೇಳಬೇಕಾದ್ದು ಆ ನಷ್ಟ ನಿಜವೇ, ಆ ಖರ್ಚು ವ್ಯಾಪಾರದ್ದೇ ಎಂದು. ಅದಕ್ಕೆ ಉತ್ತರ ರಿಟರ್ನ್‌ನಲ್ಲಿ ಸಿಗುವುದಿಲ್ಲ, ಅದರ ಹಿಂದಿನ ಬಿಲ್ಲು, ಬ್ಯಾಂಕ್ ಪಟ್ಟಿಗಳಲ್ಲಿ ಸಿಗುತ್ತದೆ. ಆಡಿಟ್ ಬೇಕಾಗುವುದು ಅದಕ್ಕೇ.

ಪ್ರಶ್ನೆ: ರಿಟರ್ನ್ಸ್ ನೋಡಿದರೆ ಆಸ್ತಿ ಎಷ್ಟು ಎಂದು ಗೊತ್ತಾಗುತ್ತದೆಯೇ?

ಉತ್ತರ: ಇಲ್ಲ. ರಿಟರ್ನ್ ಹೇಳುವುದು ಒಂದು ವರ್ಷದ ಆದಾಯ. ಸಾಲ ಯಾರು ಕೊಟ್ಟರು, ಕಟ್ಟಡದ ಬೆಲೆ ಎಷ್ಟು ಎಂಬುದು ಅದರಲ್ಲಿ ಸಿಗುವುದಿಲ್ಲ. ಆದರೆ ರಿಟರ್ನ್‌ಗೆ ಲಗತ್ತಿಸುವ ಶೆಡ್ಯೂಲ್ ಬಿ ಎಂಬ ಹಾಳೆಯ ಕೊನೆಯಲ್ಲಿ ವಿದೇಶಿ ಬ್ಯಾಂಕ್ ಖಾತೆ ಇದೆಯೇ, ಯಾವ ದೇಶದಲ್ಲಿ ಎಂಬ ಪ್ರಶ್ನೆ ಇದೆ. ಚೀನಾದಲ್ಲಿದ್ದ ಖಾತೆ ಕಾಣಿಸಿದ್ದು ಅಲ್ಲೇ. ಆಸ್ತಿಗೆಂದೇ 278ಇ ಎಂಬ ಬೇರೆ ಘೋಷಣಾ ಪತ್ರವಿದೆ. ಅದು ಬಹಿರಂಗ, ಆದರೆ ನಿಖರ ಅಂಕಿ ಬೇಕಿಲ್ಲ, ಮೌಲ್ಯದ ವ್ಯಾಪ್ತಿಗೆ ಗುರುತು ಹಾಕಿದರೆ ಸಾಕು. ಕೊನೆಯ ಚೌಕ ‘5 ಕೋಟಿ ಡಾಲರ್‌ಗಿಂತ ಹೆಚ್ಚು’. 6 ಕೋಟಿಯ ಗಾಲ್ಫ್ ಮೈದಾನಕ್ಕೂ 60 ಕೋಟಿಯ ಗೋಪುರಕ್ಕೂ ಅಲ್ಲಿ ಒಂದೇ ಗುರುತು.

ಪ್ರಶ್ನೆ: ಇಷ್ಟೆಲ್ಲ ಆದ ಮೇಲೆ ಕಾನೂನು ಬದಲಾಯಿತೇ?

ಉತ್ತರ: ಅಧ್ಯಕ್ಷರ ರಿಟರ್ನ್ಸ್ ಪರಿಶೀಲನೆಯನ್ನು ಕೈಪಿಡಿಯಿಂದ ಕಾಯ್ದೆಗೆ ಏರಿಸುವ ಮಸೂದೆಯನ್ನು ಪ್ರತಿನಿಧಿ ಸಭೆ 2022ರ ಡಿಸೆಂಬರ್ 22ರಂದು 222–201ರಿಂದ ಒಪ್ಪಿತು. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಸದನದ ಅವಧಿ ಮುಗಿದು ಮಸೂದೆಯೂ ಮುಗಿಯಿತು. ರಿಟರ್ನ್ಸ್ ತೋರಿಸದ ಅಭ್ಯರ್ಥಿಯ ಹೆಸರು ಪ್ರಾಥಮಿಕ ಚುನಾವಣೆಯ ಮತಪತ್ರದಲ್ಲಿ ಬರಬಾರದೆಂದು ಕ್ಯಾಲಿಫೋರ್ನಿಯಾ 2019ರಲ್ಲಿ ಮಾಡಿದ ಕಾನೂನನ್ನು ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಒಮ್ಮತದಿಂದ ಹೊಡೆದುಹಾಕಿತು. ಶಿಕ್ಷೆಯಾದದ್ದು ಒಬ್ಬರಿಗೆ: ಟ್ರಂಪ್ ರಿಟರ್ನ್ಸ್ ಪತ್ರಿಕೆಗೆ ಸೋರಿಸಿದ ಐಆರ್‌ಎಸ್ ಗುತ್ತಿಗೆ ನೌಕರನಿಗೆ, 2024ರ ಜನವರಿಯಲ್ಲಿ ಐದು ವರ್ಷ ಜೈಲು.