ಗಂಟೆಗೊಮ್ಮೆ ಬರುವ ಸಿಟ್ಟು

ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್‌ನಿಂದ ಎಚ್‌ಆರ್ ಫೋನ್ ಮಾಡಿದ್ದರು. "ಒಬ್ಬರು ಲೈನ್ ಸೂಪರ್‌ವೈಸರ್ ಇದ್ದಾರೆ ಮೇಡಂ, ಕೆಲಸ ಚೆನ್ನಾಗಿ ಮಾಡ್ತಾರೆ, ಬಾಯಿ ಮಾತ್ರ ಸರಿಯಿಲ್ಲ. ಸ್ವಲ್ಪ ಸರಿ ಮಾಡಿ ಕಳಿಸಿ." ಮಿಕ್ಸಿ ರಿಪೇರಿಗೆ ಕೊಟ್ಟ ಹಾಗೆ! (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಂದವರಿಗೆ 35ರ ಆಸುಪಾಸು. ಹನ್ನೆರಡು ವರ್ಷ ಟೈಲರ್ ಆಗಿದ್ದು, ಎಂಟು ತಿಂಗಳ ಹಿಂದೆ ಒಂದು ಲೈನಿಗೆ, ಅಂದರೆ ಸಾಲಾಗಿ ಕೂತು ಹೊಲಿಯುವ ಟೈಲರ್‌ಗಳ ತಂಡಕ್ಕೆ, ಸೂಪರ್‌ವೈಸರ್ ಆದವರು. ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ, ಅದಕ್ಕೇ ಬಡ್ತಿ. ಟ್ರೈನಿಂಗ್ ಅಂತ ಏನೂ ಇಲ್ಲ. ಹೊಲಿಯುವುದು ಒಂದು ಕೆಲಸ, ಹೊಲಿಸುವುದು ಬೇರೆಯೇ ಕೆಲಸ ಅಲ್ವಾ? ಕೂತ ಕೂಡಲೇ ಅವರು ಹೇಳಿದ್ದು, "ನನ್ನ ಸ್ವಭಾವಾನೇ ಹಂಗೆ ಮೇಡಂ, ನಮ್ಮಪ್ಪನೂ ಹಿಂಗೇ ಇದ್ರು."

ನಾನು ಸ್ವಭಾವದ ಸುದ್ದಿಗೆ ಹೋಗಲಿಲ್ಲ. ಇಲ್ಲಿ ಆಡಿದ ಮಾತು ಎಚ್‌ಆರ್‌ಗೆ ಹೋಗುವುದಿಲ್ಲ, ಎಷ್ಟು ಸಲ ಬಂದಿರಿ ಅನ್ನುವುದಷ್ಟೇ ಅವರಿಗೆ ತಿಳಿಯುತ್ತದೆ ಎಂದು ಮೊದಲೇ ಹೇಳಿದೆ. ದೂರು ಎಂಥದ್ದು ಅಂತಲೂ ಖಚಿತ ಮಾಡಿಕೊಂಡೆ. ಲೈಂಗಿಕ ಕಿರುಕುಳದ ದೂರಾದರೆ ಅದು ಕೋಚಿಂಗ್ ಕೊಟ್ಟು ಮುಗಿಸುವ ವಿಷಯ ಅಲ್ಲ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದು ನೋಡಬೇಕಾದ ವಿಷಯ. ಸುಮ್ನೆ 'ಕೌನ್ಸೆಲಿಂಗ್‌ಗೆ ಕಳಿಸಿದ್ದೇವೆ' ಅಂತ ಕೈ ತೊಳೆದುಕೊಳ್ಳುವವರೂ ಇದ್ದಾರೆ, ಹಾಗಾಗಿ ಹೇಳಿದೆ. ಇಲ್ಲಿದ್ದದ್ದು ಕೂಗಾಟ. ಜೊತೆಗೆ, ಒಮ್ಮೆ ಒಬ್ಬ ಹುಡುಗಿಯ ಪೀಸನ್ನು ಎಲ್ಲರೆದುರು ಅವಳ ಮೇಲೆ ಎಸೆದದ್ದು. ಆ ಹುಡುಗಿ ಮಾರನೇ ದಿನದಿಂದ ಕೆಲಸಕ್ಕೆ ಬರಲಿಲ್ಲ.

ಎಸೆಯುವುದು ಇವತ್ತೇ ನಿಲ್ಲಬೇಕು ಅಂದೆ. ಉಳಿದದ್ದಕ್ಕೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟೆ. ಒಂದು ವಾರ ಬರೆಯಿರಿ: ಕೂಗಿದ್ದು ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಯ್ತು, ಆಮೇಲೆ ಏನಾಯ್ತು.

ಪುಟ ತಿರುವಿದರೆ ಸಿಟ್ಟಿಗೂ ಟೈಂಟೇಬಲ್ ಇತ್ತು! ಲೈನಿನ ಮುಂದೆ ಒಂದು ಬೋರ್ಡ್ ಇರುತ್ತದೆ, ಗಂಟೆಗೊಮ್ಮೆ ಎಷ್ಟು ಪೀಸ್ ಬಂತು ಅಂತ ಅದರಲ್ಲಿ ಬರೆಯುತ್ತಾರೆ. ಟಾರ್ಗೆಟ್‌ಗಿಂತ ಕಡಿಮೆ ಬಂದರೆ ಪ್ರೊಡಕ್ಷನ್ ಮ್ಯಾನೇಜರ್ ಬಂದು ಟೈಲರ್‌ಗಳ ಎದುರೇ ಇವರಿಗೆ ಬೈಯುತ್ತಾರೆ, ಅವರು ಇನ್ನೂ ಅಲ್ಲೇ ನಿಂತಿರುವಾಗಲೇ ಇವರು ಲೈನಿನ ಮೇಲೆ ಹರಿಹಾಯುತ್ತಾರೆ, ಎಲ್ಲರೂ ತಲೆ ತಗ್ಗಿಸಿ ಬೇಗ ಬೇಗ ಹೊಲಿಯುತ್ತಾರೆ, ಮ್ಯಾನೇಜರ್ ಪಕ್ಕದ ಲೈನಿಗೆ ಹೋಗುತ್ತಾರೆ. ಕೂಗಿದ್ದಕ್ಕೆ ಕೈಮೇಲೆ ಫಲ, ತಲೆನೋವು ತೊಲಗಿತು. ಹೀಗೆ ಬೇಡದ್ದೊಂದನ್ನು ತೊಲಗಿಸುವ ವರ್ತನೆ ಬೇರು ಬಿಡುತ್ತದೆ, ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಾಲದಿಂದ ಗೊತ್ತಿರುವ ವಿಷಯವೇ. ನಷ್ಟ ಮಾತ್ರ ನಿಧಾನಕ್ಕೆ ಬರುತ್ತದೆ. ಅವಸರದ ಹೊಲಿಗೆ, ಚೆಕ್ಕಿಂಗ್‌ನಿಂದ ವಾಪಸ್ ಬರುವ ಆಲ್ಟ್ರೇಷನ್ ಪೀಸುಗಳು, ಹೇಳದೇ ಹಾಕುವ ರಜೆ. ಅದನ್ನು ಯಾರೂ ಕೂಗಿನ ಲೆಕ್ಕಕ್ಕೆ ಬರೆಯುವುದಿಲ್ಲ.

"ಸಿಟ್ಟು ಮಾಡ್ಕೋಬೇಡಿ" ಅಂತ ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಆ ಹೊತ್ತಿನಲ್ಲಿ ಮತ್ತೇನು ಮಾಡಬೇಕು ಅಂತ ಅವರಿಗೆ ತಿಳಿಯುವುದಿಲ್ಲ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1999ರ ಲೇಖನವೊಂದರಲ್ಲಿ ವಿವರಿಸಿದ 'ಹೀಗಾದರೆ ಹೀಗೆ ಮಾಡ್ತೀನಿ' ಎಂಬ ಉಪಾಯ ನನಗೆ ಬಹಳ ಸಲ ಕೈಹಿಡಿದಿದೆ. ಅದನ್ನು ಸೂಪರ್‌ವೈಸರ್ ಮಾತಿನಲ್ಲೇ ಬರೆಸಿದೆ: "ಬೋರ್ಡಲ್ಲಿ ನಂಬರ್ ಕಡಿಮೆ ಬಂದ್ರೆ, ಬಂಡಲ್ ಎಲ್ಲಿ ರಾಶಿ ಬಿದ್ದಿದ್ಯೋ ಆ ಮಿಷನ್ ಹತ್ರ ಹೋಗಿ, ಏನು ತೊಂದ್ರೆ ಅಂತ ಕೇಳ್ತೀನಿ." ನನ್ನ ರೂಮಿನಲ್ಲೇ ಮೂರು ಸಲ ಆಡಿ ನೋಡಿದೆವು. ಮ್ಯಾನೇಜರ್ ಪಾತ್ರ ನನ್ನದು, ಚೆನ್ನಾಗಿಯೇ ಬೈದೆ ಅನ್ನಿ. ತಪ್ಪು ಹೇಳುವುದಿದ್ದರೆ ಪಕ್ಕಕ್ಕೆ ಹೋಗಿ, ಪೀಸ್ ತೋರಿಸಿ, ಆ ಹೊಲಿಗೆಯ ಬಗ್ಗೆ ಮಾತ್ರ ಹೇಳಿ ಅಂದೆ. "ನೀನು ಯಾವಾಗ್ಲೂ ಹಿಂಗೇ" ಅನ್ನುವುದು ಬೇಡ.

ಅವರ ಒಪ್ಪಿಗೆ ಪಡೆದು ಮ್ಯಾನೇಜರ್ ಹತ್ತಿರವೂ ಮಾತಾಡಿದೆ. ಎರಡು ಸಲ ಹೋದ ಮೇಲೆ ಅವರು ಒಪ್ಪಿದ್ದು ಒಂದೇ ವಿಷಯಕ್ಕೆ: ಬೈಯುವುದಿದ್ದರೆ ಲೈನಿನ ಮುಂದೆ ಅಲ್ಲ, ಆಫೀಸಿನಲ್ಲಿ. ನನ್ನ ಪ್ರಕಾರ ಅರ್ಧ ಕೆಲಸ ಆದದ್ದು ಅಲ್ಲೇ.

ಎರಡು ತಿಂಗಳಲ್ಲಿ ಪವಾಡವೇನೂ ಆಗಲಿಲ್ಲ. ಕೂಗುವುದು ಕಡಿಮೆಯಾಯಿತು, ಶಿಪ್‌ಮೆಂಟ್ ವಾರದಲ್ಲಿ ಮತ್ತೆ ಎರಡು ದಿನ ಶುರುವಾಯಿತು. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದು ತಂದಿದ್ದರು. ಬಿಟ್ಟು ಹೋದ ಹುಡುಗಿಗೆ ಫೋನ್ ಮಾಡಿದರೆ ಅವಳು ಎತ್ತಲಿಲ್ಲವಂತೆ. ಲೈನಿನವರ ಎದುರು, ಊಟದ ಹೊತ್ತಿನಲ್ಲಿ, "ಅವತ್ತು ಎಸೆದಿದ್ದು ನನ್ನ ತಪ್ಪು" ಅಂದರಂತೆ. ಯಾರೂ ಏನೂ ಅನ್ನಲಿಲ್ಲ, ಡಬ್ಬಿ ತೊಳೆಯೋಕೆ ಎದ್ದು ಹೋದರು.

ಮೊನ್ನೆ ಎಚ್‌ಆರ್ ಮತ್ತೆ ಫೋನ್ ಮಾಡಿ, "ಇನ್ನೊಬ್ಬರು ಸೂಪರ್‌ವೈಸರ್ ಇದ್ದಾರೆ, ಕಳಿಸ್ಲಾ ಮೇಡಂ?" ಅಂದರು. ಮೊದಲು ಪ್ರೊಡಕ್ಷನ್ ಮ್ಯಾನೇಜರನ್ನು ಕಳಿಸಿ ಅಂದೆ. "ನೋಡ್ತೀನಿ" ಅಂದಿದ್ದಾರೆ.