ಕೇರಳದವನಿಗೆ ಕನ್ನಡ ಹೇಗೆ ಬಂತು ಅಂತ ಕೇಳಿದ್ದೆಯಲ್ಲ

ಮಾರಾಯ, ಅವತ್ತು ಎಲ್ಲರೆದುರು ಸುಮ್ನೆ ನಕ್ಕು ಬಿಟ್ಟೆ. ಬೆಂಗಳೂರಿನಲ್ಲಿ ಈ ಪ್ರಶ್ನೆ ನನಗೆ ಹೊಸತಲ್ಲ. ಎಲ್ಲರೂ ಹೊಗಳುವ ದನಿಯಲ್ಲೇ ಕೇಳುತ್ತಾರೆ, ಅದಕ್ಕೇ ಜಗಳ ಆಡುವುದಕ್ಕೂ ಆಗುವುದಿಲ್ಲ.

1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ನೀವು ರಾಜ್ಯೋತ್ಸವ ಮಾಡುವ ಅದೇ ದಿನ ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಹೋಗಲಿ ಅಂತ 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿತು, ಅದು ವರದಿಯಲ್ಲೇ ಉಳಿಯಿತು. ಈ ಕಥೆ ಸಾಕು, ಊರಿನ ಸಭೆಗಳಲ್ಲಿ ಕೇಳಿ ಕೇಳಿ ನನಗೇ ಆಕಳಿಕೆ ಬರುತ್ತದೆ.

ಕನ್ನಡ ಬಂದದ್ದು ಶಾಲೆಯಿಂದ. ನಮ್ಮ ಮನೆಯಲ್ಲಿ ತುಳು. ನನ್ನ ಬೆಂಚಿನವನ ಮನೆಯಲ್ಲಿ ಮಲಯಾಳಂ, ಮುಂದಿನ ಬೆಂಚಿನ ಹುಡುಗಿಯದ್ದು ಮರಾಟಿ, ಹವ್ಯಕರ ಹುಡುಗ ಆಡುತ್ತಿದ್ದ ಕನ್ನಡ ಪುಸ್ತಕದ ಕನ್ನಡವೇ ಅಲ್ಲ. ಇಂಥ ಗುಂಪನ್ನು ಕೂರಿಸಿಕೊಂಡು ನಮ್ಮ ಕನ್ನಡ ಮಾಷ್ಟ್ರು ಪಾಠ ಮಾಡಬೇಕಿತ್ತು. ಅವರು ತಾಳಮದ್ದಲೆಯ ಅರ್ಥಧಾರಿ, ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನದಲ್ಲಿ ಕೂತು ಪಾತ್ರವಾಗಿ ಮಾತಾಡುವವರು. ರಾತ್ರಿಯೆಲ್ಲ ಕೌರವನಾಗಿ ವಾದ ಮಾಡಿ ಬೆಳಿಗ್ಗೆ ಒಡೆದ ಗಂಟಲಲ್ಲಿ ಹಾಜರಿ ಕೂಗುತ್ತಿದ್ದರು. ಪದ್ಯ ಬಾಯಿಪಾಠ ಮಾಡಿಸಿದ್ದು ಕಡಿಮೆ. "ನೀನು ಕರ್ಣ, ನೀನು ಶಲ್ಯ, ಹ್ಞೂಂ, ಶುರು ಮಾಡಿ" ಅಂತ ಇಬ್ಬರನ್ನು ನಿಲ್ಲಿಸಿ ಬಿಡುತ್ತಿದ್ದರು. ಮಾತು ಸಿಗದೆ ನಾವು ತುಳುವಿಗೆ ಜಾರಿದರೆ ಬೈಯುತ್ತಿರಲಿಲ್ಲ, ಅದೇ ಮಾತನ್ನು ಕನ್ನಡದಲ್ಲಿ ಹೇಳಿ ಮುಂದುವರಿಸುತ್ತಿದ್ದರು. ನಮ್ಮ ಕಡೆ ಇಂಥ ಮಾಷ್ಟ್ರುಗಳು ಊರಿಗೊಬ್ಬರಂತೆ ಇದ್ದರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳೂ ಪೆರಡಾಲದ ಶಾಲೆಯಲ್ಲಿ ಮಾಷ್ಟ್ರಾಗಿದ್ದವರೇ.

ಇನ್ನೊಬ್ಬರು ಸಯನ್ಸ್ ಟೀಚರ್. ಅವರ ಮನೆಮಾತು ಮಲಯಾಳಂ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಯಾಕೆಂದರೆ ನಾನು ಮುಂದೆ ಹೇಳುವುದನ್ನು ನೀನು ಭಾಷೆಯ ಜಗಳ ಅಂದುಕೊಳ್ಳುತ್ತೀಯ. ಕನ್ನಡವನ್ನು ನಮ್ಮೂರಿಗೆ ಬಂದೇ ಕಲಿತವರು. ಅವರ ಅಲ್ಪಪ್ರಾಣ ಮಹಾಪ್ರಾಣ ಕೇಳಿ ನಾವು ಕಿಸಕ್ಕನೆ ನಗುತ್ತಿದ್ದೆವು. ನಗಲು ಬಿಟ್ಟು, "ಸರಿ, ಈಗ ದ್ಯುತಿಸಂಶ್ಲೇಷಣೆ ಯಾರು ನೆಟ್ಟಗೆ ಬರೆಯುತ್ತೀರಿ ನೋಡೋಣ" ಅನ್ನುತ್ತಿದ್ದರು. ನಾನು ಇವತ್ತು ಲ್ಯಾಬಲ್ಲಿ ಕೆಲಸ ಮಾಡುತ್ತಿದ್ದರೆ ಅದಕ್ಕೆ ಅವರೇ ಕಾರಣ. ಮಧ್ಯಾಹ್ನ ಗಂಜಿ, ಹೆಸರುಕಾಳಿನ ಪಲ್ಯ ಬಡಿಸುವಾಗಲೂ ಯಾರ ತಟ್ಟೆ ಖಾಲಿ ಅಂತ ಅವರ ಕಣ್ಣೇ ಮೊದಲು ನೋಡುತ್ತಿತ್ತು.

ಈಗ ನಮ್ಮ ದೊಡ್ಡ ಕಗ್ಗಂಟಿಗೆ ಬರುತ್ತೇನೆ. ಅಕ್ಕನ ಮಗಳು ಹೈಸ್ಕೂಲಲ್ಲಿ ಇದ್ದಾಳೆ, ಕನ್ನಡ ಮೀಡಿಯಂ. ಗಣಿತಕ್ಕೆ ಹೊಸಬರು ಬಂದರು. ಕನ್ನಡ ಮೀಡಿಯಂ ಹುದ್ದೆಗೆ ಕನ್ನಡ ಗೊತ್ತಿರಬೇಕು ತಾನೇ? ದಾಖಲೆಯಲ್ಲಿ ಗೊತ್ತಿದೆ. ಕ್ಲಾಸಿನಲ್ಲಿ ಗೊತ್ತಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಾರೆ, ಮಲಯಾಳದಲ್ಲಿ ವಿವರಿಸುತ್ತಾರೆ. ನಮ್ಮ ಮಕ್ಕಳಿಗೆ ಮಲಯಾಳಂ ಬರುತ್ತದೆ, ಬಸ್ಸಿಗೆ, ಮೀನು ಮಾರ್ಕೆಟ್ಟಿಗೆ ಸಾಕಾಗುವಷ್ಟು. ಸಮಾಂತರ ಶ್ರೇಣಿ ಅರ್ಥ ಆಗುವಷ್ಟು ಅಲ್ಲ. ಪರೀಕ್ಷೆ ಬರೆಯಬೇಕಾದ್ದು ಕನ್ನಡದಲ್ಲಿ.

ಆಮೇಲೆ ನಡೆಯುವುದೆಲ್ಲ ನಮಗೆ ಕಂಠಪಾಠ. ಪಿಟಿಎ ಮೀಟಿಂಗ್ ಆಗುತ್ತದೆ, ಮನವಿ ಹೋಗುತ್ತದೆ, ಉತ್ತರ ಬರುವುದಿಲ್ಲ, ಮಕ್ಕಳು ಗೇಟಿನ ಹತ್ತಿರ ಕೂರುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಕೊನೆಗೆ ಆ ಟೀಚರ್ ರಜೆ ಹಾಕಿ ಹೋಗುತ್ತಾರೆ. ಪಾಪ, ಅವರನ್ನು ಬೈದು ಏನು ಪ್ರಯೋಜನ, ಕೆಲಸ ಸಿಕ್ಕಿದೆ ಅಂತ ಎಲ್ಲಿಂದಲೋ ಬಂದವರು. ದಿನಗೂಲಿಗೆ ಯಾರನ್ನಾದರೂ ಹುಡುಕುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ರೋಸಿಹೋದ ತಂದೆ ತಾಯಿ ಮಗುವನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಫಾಲ್, ಅಂದರೆ ಕ್ಲಾಸಿನ ಒಂದು ವಿಭಾಗವೇ ರದ್ದು, ಡಿವಿಷನ್ ಹೋದರೆ ಹುದ್ದೆಯೂ ಹೋಯಿತು. ಆಗ, ನಿಮ್ಮಲ್ಲಿ ಮಕ್ಕಳೇ ಇಲ್ಲವಲ್ಲ ಅಂತ ನಮಗೇ ಹೇಳುತ್ತಾರೆ.

"ಹಾಗಿದ್ರೆ ಮಲಯಾಳಂ ಮೀಡಿಯಂಗೇ ಸೇರಿಸಬಹುದಲ್ವಾ?" ಅಂತಲೂ ಕೇಳಿದೆಯಲ್ಲ. ಸೇರಿಸಬಹುದು, ಸೇರಿಸಿದವರೂ ಇದ್ದಾರೆ, ಅವರ ಮಕ್ಕಳು ಚೆನ್ನಾಗಿಯೇ ಇದ್ದಾರೆ. ನಮ್ಮ ಅಕ್ಕ ಒಪ್ಪುವುದಿಲ್ಲ. ಹಟ ಅನ್ನು. ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಪದ್ಯಕ್ಕೆ, ಯಕ್ಷಗಾನಕ್ಕೆ ಸ್ಪರ್ಧೆ ಇದೆ, ಗೊತ್ತಾ ನಿನಗೆ? ಅದೇ ಸರಕಾರ ಅದನ್ನು ನಡೆಸುತ್ತದೆ. ವೇದಿಕೆ ಕೊಟ್ಟವರಿಗೆ ಗಣಿತದ ಟೀಚರ್ ಒಬ್ಬರನ್ನು ಕೊಡುವುದು ಯಾಕೆ ಇಷ್ಟು ಕಷ್ಟ ಅಂತ ಅವಳ ಪ್ರಶ್ನೆ.

ಸದ್ಯಕ್ಕೆ ಆ ಹುಡುಗಿಗೆ ಗಣಿತ ನಾನೇ ರಾತ್ರಿ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುತ್ತಿದ್ದೇನೆ. ಅದಕ್ಕೇ ನಿಮ್ಮ ಜೊತೆ ಸಿನಿಮಾಕ್ಕೆ ಬರದೇ ಇರುವುದು.