ಹೊಸ ಲೆನ್ಸ್ ತಗೊಳ್ಳುವ ಮುಂಚೆ ಹಳೇ ಫೋಟೊಗಳನ್ನು ತೆರೆದು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಡಿಎಸ್‌ಎಲ್‌ಆರ್ ತಗೊಂಡು ಒಂದು ವರ್ಷವಾಗಿದೆ, ಅದರ ಜೊತೆ ಬಂದ 18-55 ಎಂಎಂ ಝೂಮ್ ಲೆನ್ಸ್ (ಕಿಟ್ ಲೆನ್ಸ್) ಬಿಟ್ಟರೆ ಬೇರೆ ಇಲ್ಲ. ಮನೆಯೊಳಗೆ ಮಕ್ಕಳ ಫೋಟೊ ತೆಗೆದರೆ ಮಸುಕು, ಹೊರಗೆ ತೆಗೆದರೆ ಸಪ್ಪೆ. ಮೊಬೈಲೇ ವಾಸಿ ಅನಿಸುತ್ತಿದೆ. ಹೊಸ ಲೆನ್ಸ್ ತಗೊಳ್ಳೋದಾ, ಫುಲ್ ಫ್ರೇಮ್‌ಗೆ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾಗೆ) ಹೋಗೋದಾ, ಇಲ್ಲ ಕಲಿಯುವುದೇ ಬಾಕಿ ಇದೆಯಾ?

ಸದ್ಯಕ್ಕೆ ಏನೂ ತಗೋಬೇಡಿ. ಈಗ ನಿಮ್ಮ ಕ್ಯಾಮೆರಾ ತನ್ನ ಪಾಡಿಗೆ ತಾನು ಎಲ್ಲ ತೀರ್ಮಾನ ಮಾಡುತ್ತಿದೆ, ಏನು ಮಾಡಿತು ಅಂತ ನಿಮಗೆ ಗೊತ್ತಾಗುತ್ತಿಲ್ಲ. ಲೆನ್ಸ್ ಬದಲಿಸಿದರೂ ಇದು ಬದಲಾಗಲ್ಲ.

ಮೊದಲು ಮೊಬೈಲ್ ವಿಷಯ ಮುಗಿಸೋಣ. ಈಗಿನ ಮೊಬೈಲ್ ಒಂದು ಸಲ ಒತ್ತಿದರೆ ಹಲವು ಫ್ರೇಮ್ ತೆಗೆದು, ಸೇರಿಸಿ, ನೆರಳನ್ನು ಎತ್ತಿ, ಬಣ್ಣ ಹೆಚ್ಚಿಸಿ, ಅಂಚು ಚೂಪು ಮಾಡಿಯೇ ನಿಮಗೆ ತೋರಿಸುತ್ತದೆ. ನಿಮ್ಮ ಡಿಎಸ್‌ಎಲ್‌ಆರ್ ಕೊಡುವುದು ಒಂದೇ ಫ್ರೇಮ್. ಅದಕ್ಕೆ ನೀವು ಏನು ಕೊಟ್ಟಿರೋ ಅದೇ ವಾಪಸ್ ಬರುತ್ತದೆ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಬೇಜಾರಾಗಬೇಡಿ.

ಈಗ ಕೆಲಸಕ್ಕೆ ಬರೋಣ. ಕೆಟ್ಟದಾಗಿ ಬಂದ ಹಳೇ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಪ್ರತಿ ಫೈಲಿನೊಳಗೂ ಶಟರ್ ಸ್ಪೀಡ್ (ಬೆಳಕು ಒಳಗೆ ಬರುವ ಹೊತ್ತು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು), ಐಎಸ್‌ಒ (ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸಿತು), ಫೋಕಲ್ ಲೆಂತ್ (ಝೂಮ್ ಎಷ್ಟು ಎಂಎಂನಲ್ಲಿತ್ತು) ದಾಖಲಾಗಿರುತ್ತದೆ. ಈ ಮಾಹಿತಿಗೆ ಎಕ್ಸಿಫ್ ಅಂತಾರೆ. ಫೋಟೊದ ಡೀಟೇಲ್ಸ್‌ನಲ್ಲಿ ಸಿಗುತ್ತದೆ. ಫೋಟೊವನ್ನು ನೂರಕ್ಕೆ ನೂರು ಝೂಮ್ ಮಾಡಿ, ಮಸುಕು ಯಾವ ಥರದ್ದು ಅಂತ ನೋಡಿ. ಗೋಡೆ, ಕುರ್ಚಿ, ಮಗು ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ನಿಮ್ಮ ಕೈ ಅಲುಗಿದೆ. ಗೋಡೆ ಚೂಪಾಗಿದ್ದು ಮಗುವಿನ ಕೈ ಮಾತ್ರ ಕಲಸಿದ್ದರೆ ಮಗು ಅಲುಗಿದೆ. ಮಗು ಮೆತ್ತಗಿದ್ದು ಹಿಂದಿನ ಪರದೆಯ ನೇಯ್ಗೆ ಎಳೆಎಳೆಯಾಗಿ ಕಂಡರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಎಷ್ಟೋ ಜನ ಮೂರಕ್ಕೂ ಲೆನ್ಸನ್ನೇ ಬೈಯುತ್ತಾರೆ.

ಕೈ ಅಲುಗುವುದಕ್ಕೆ ಒಂದು ಹಳೇ ಲೆಕ್ಕ ಇದೆ. ಒಂದು ಸೆಕೆಂಡನ್ನು ಫೋಕಲ್ ಲೆಂತಿನಿಂದ ಭಾಗಿಸಿ, ಶಟರ್ ಸ್ಪೀಡ್ ಅಷ್ಟು ಅಥವಾ ಅದಕ್ಕಿಂತ ವೇಗವಾಗಿರಲಿ. ನಿಮ್ಮದು ಚಿಕ್ಕ ಸೆನ್ಸರ್, ಅಂದರೆ ಎಪಿಎಸ್-ಸಿ ಅಂತ ಅಂದುಕೊಂಡರೆ ಫೋಕಲ್ ಲೆಂತನ್ನು ಮೊದಲು 1.5ರಿಂದ ಗುಣಿಸಿ. 55ರಲ್ಲಿ ತೆಗೆದರೆ ಸುಮಾರು 1/80 ಸೆಕೆಂಡ್ ಬೇಕು. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಕೈ ನಡುಕ ತಗ್ಗಿಸುವ ವ್ಯವಸ್ಥೆ) ಇದ್ದರೆ ಇನ್ನೂ ನಿಧಾನಕ್ಕೆ ಇಳಿಯಬಹುದು. ಆದರೆ ಅದು ನಿಮ್ಮ ಕೈಯನ್ನು ಹಿಡಿಯುತ್ತದೆಯೇ ಹೊರತು ಓಡುವ ಮಗುವನ್ನು ಹಿಡಿಯಲ್ಲ. ಮಾತಾಡುತ್ತಾ ಕೂತವರಿಗೆ 1/125 ಸಾಕು, ಓಡುವ ಮಕ್ಕಳಿಗೆ 1/250ರಿಂದ 1/500 ಬೇಕು. ಈಗ ನಿಮ್ಮ ಮಸುಕು ಫೋಟೊಗಳ ಸಂಖ್ಯೆ ನೋಡಿ. ಆಟೊ ಮೋಡ್‌ನಲ್ಲಿ ಮನೆಯೊಳಗೆ 1/60, 1/40 ಅಂತೆಲ್ಲ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಶಟರ್ ಬೇಗ ಮುಚ್ಚಿದರೆ ಬೆಳಕು ಕಮ್ಮಿ, ಹಾಗಾದರೆ ಐಎಸ್‌ಒ ಏರುತ್ತಲ್ಲ, ನಾಯ್ಸ್ (ಕಾಳುಕಾಳಾದ ಚುಕ್ಕೆ) ಬರುತ್ತಲ್ಲ ಅಂತೀರಿ. ಬರಲಿ. ನಾಯ್ಸ್ ಇರುವ ಫೋಟೊವನ್ನು ಸಾಫ್ಟ್‌ವೇರಿನಲ್ಲಿ ಸಾಕಷ್ಟು ಸರಿಮಾಡಬಹುದು, ಎಳೆದ ಫೋಟೊವನ್ನು ಅಷ್ಟು ಸುಲಭವಾಗಿ ಸರಿಮಾಡೋಕೆ ಆಗಲ್ಲ. ಐಎಸ್‌ಒ 3200ಕ್ಕೆ ಹೆದರುವುದನ್ನು ಬಿಡಿ. ಡಯಲನ್ನು S ಅಥವಾ Tv ಅಕ್ಷರಕ್ಕೆ ತಿರುಗಿಸಿ (ಶಟರ್ ಸ್ಪೀಡನ್ನು ನೀವೇ ಇಡುವ ಮೋಡ್, ಕಂಪನಿ ಪ್ರಕಾರ ಹೆಸರು ಬೇರೆ), ಐಎಸ್‌ಒ ಆಟೊ ಇಡಿ, ಶಟರ್ 1/250 ಇಡಿ. ಮಕ್ಕಳ ಫೋಟೊಗೆ ಇಷ್ಟು ಸಾಕು. ಪೂರ್ತಿ ಮ್ಯಾನ್ಯುಯಲ್‌ನಲ್ಲಿ ತೆಗೆಯುವವರೇ ನಿಜವಾದ ಫೋಟೊಗ್ರಾಫರ್ ಅನ್ನೋ ಮಾತು ಕೇಳಿರುತ್ತೀರಿ, ಅಲ್ವಾ? ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಯಾವ ಸಂಖ್ಯೆ ನಿಮಗೆ ಮುಖ್ಯವೋ ಅದು ನಿಮ್ಮ ಕೈಯಲ್ಲಿರಲಿ, ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳಲಿ.

ಫೋಕಸ್ ತಪ್ಪುವುದಕ್ಕೆ ಸಾಮಾನ್ಯವಾಗಿ ಕಾರಣ ಒಂದೇ: ಎಲ್ಲಾ ಫೋಕಸ್ ಪಾಯಿಂಟುಗಳನ್ನೂ ಬಳಸುವ ಆಟೊ ಸೆಟ್ಟಿಂಗ್. ಅದು ಹತ್ತಿರವಿದ್ದುದನ್ನೋ ಗೆರೆ ಜಾಸ್ತಿ ಇದ್ದುದನ್ನೋ ಹಿಡಿಯುತ್ತದೆ. ಒಂದೇ ಪಾಯಿಂಟ್ ಆರಿಸಿ, ಹತ್ತಿರದ ಕಣ್ಣಿನ ಮೇಲಿಡಿ. ಅಲುಗುವವರಿಗೆ ಕಂಟಿನ್ಯೂಯಸ್ ಫೋಕಸ್ (ಅವರನ್ನು ಬೆನ್ನಟ್ಟುತ್ತಲೇ ಇರುವ ಫೋಕಸ್) ಹಾಕಿ. ಮುಗಿಯಿತು.

ಸಪ್ಪೆ ಫೋಟೊಗಳ ಕಥೆ ಬೇರೆ. ಅಲ್ಲಿ ಕ್ಯಾಮೆರಾದ್ದು ತಪ್ಪು ಕಮ್ಮಿ, ಬೆಳಕಿನದ್ದು ಜಾಸ್ತಿ. ಇದನ್ನು ಓದಿ ಕಲಿಯೋಕೆ ಆಗಲ್ಲ, ಒಂದು ಕಪ್ ಇಟ್ಟುಕೊಂಡು ಕಲಿಯಬೇಕು. ಬಿಳಿ ಕಪ್ ಆದರೆ ಒಳ್ಳೇದು. ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಮೇಜಿಟ್ಟು, ಮೇಲೆ ಕಪ್ ಇಡಿ. ಕೋಣೆಯ ಲೈಟೆಲ್ಲ ಆರಿಸಿ. ಇದು ಮುಖ್ಯ. ಕಿಟಕಿಯ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ನೀಲಿ) ಅಥವಾ ಮೇಲೆ, ಹಳದಿ ಬಲ್ಬ್ ಸುಮಾರು 3000. ಎರಡೂ ಸೇರಿದರೆ ಕಪ್ಪಿನ ಒಂದು ಮಗ್ಗುಲು ನೀಲಿ, ಇನ್ನೊಂದು ಕಿತ್ತಳೆ ಆಗುತ್ತದೆ. ಯಾವ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಇಟ್ಟರೂ ಎರಡನ್ನೂ ಸರಿಮಾಡಲ್ಲ.

ಮೊದಲು ಕಿಟಕಿಗೆ ಬೆನ್ನು ಹಾಕಿ ನಿಂತು ತೆಗೆಯಿರಿ. ಕಪ್ ಚಪ್ಪಟೆಯಾಗಿ, ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಈಗ ಮೇಜಿನ ಸುತ್ತ ನಡೆಯುತ್ತಾ ಕಿಟಕಿ ನಿಮ್ಮ ಪಕ್ಕಕ್ಕೆ ಬರೋ ಥರ ನಿಲ್ಲಿ. ಕಪ್ಪಿನ ಒಂದು ಕಡೆ ಬೆಳಗುತ್ತದೆ, ಬೆಳಕು ಮೆಲ್ಲಗೆ ಬೂದಿ ಬಣ್ಣಕ್ಕೆ ತಿರುಗಿ ಇನ್ನೊಂದು ಕಡೆ ನೆರಳಾಗುತ್ತದೆ. ಹಿಡಿಯ ನೆರಳು ಮೈಮೇಲೆ ಬೀಳುತ್ತದೆ. ಈಗ ಅದು ದುಂಡಗಿದೆ ಅಂತ ಕಾಣುತ್ತದೆ. ಇನ್ನೂ ಮುಂದೆ ಹೋಗಿ ಕಿಟಕಿಗೆ ಎದುರಾಗಿ ನಿಂತರೆ ಅಂಚಿನ ಸುತ್ತ ತೆಳ್ಳನೆ ಬಿಳಿ ಗೆರೆ, ನಡುವೆ ಕತ್ತಲು. ಪಕ್ಕದ ಬೆಳಕಿಗೇ ವಾಪಸ್ ಬಂದು, ನೆರಳಿನ ಕಡೆ ಒಂದು ಬಿಳಿ ಹಾಳೆ ಹಿಡಿಯಿರಿ. ನೆರಳು ಹಗುರಾಗುತ್ತದೆ. ಹಾಳೆ ಹತ್ತಿರ ತಂದಷ್ಟೂ ಇನ್ನೂ ಹಗುರ. ಕಪ್ಪಿನ ಜಾಗದಲ್ಲಿ ಮುಖ ಬಂದರೂ ಇದೇ ನಿಯಮ, ಮೂಗಿನ ನೆರಳು ಹಿಡಿಯ ನೆರಳಿನ ಕೆಲಸ ಮಾಡುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಕೆಳಗೆ ಕಪ್ಪು ಗುಳಿ ಬೀಳುವುದು ಬೆಳಕು ನೆತ್ತಿ ಮೇಲಿಂದ ಬರುವುದರಿಂದ. ಫೋಟೊಗೆ ನಿಂತವರನ್ನು ನೆರಳಿನ ಅಂಚಿಗೆ ಕರೆತಂದು, ಮುಖ ಬಯಲಿನ ಕಡೆ ತಿರುಗಿಸಿ ಸಾಕು.

ಆ ಕಪ್ಪಿನ ಕೆಳಗೆ ಬಿಳಿ ಬಟ್ಟೆ ಹಾಸಿ ಇನ್ನೊಂದು ಫೋಟೊ ತೆಗೆಯಿರಿ. ಎಲ್ಲವೂ ಮಂಕು ಬೂದಿಯಾಗಿ ಬರುತ್ತದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ತಾನು ನೋಡುತ್ತಿರುವುದು ಬಿಳಿಯೋ ಕಪ್ಪೋ ತಿಳಿಯದು, ಎಲ್ಲವನ್ನೂ ನಡುಮಧ್ಯದ ಬೂದಿಗೆ ತರಲು ನೋಡುತ್ತದೆ. ಪ್ಲಸ್-ಮೈನಸ್ ಬಟನ್ ಒತ್ತಿ +1 ಮಾಡಿ, ಬಿಳಿ ಬಿಳಿಯಾಗುತ್ತದೆ. ಕಪ್ಪು ಬಟ್ಟೆ ಹಾಸಿದರೆ ಉಲ್ಟಾ, -1. ಕ್ಯಾಮೆರಾದಲ್ಲಿ ಒಂದೇ ಬಟನ್ ಕಲಿಯೋಕೆ ಟೈಮಿದೆ ಅಂದರೆ ಇದನ್ನೇ ಕಲಿಯಿರಿ ಅಂತೀನಿ.

ರಾ (RAW) ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದ ಮಾಹಿತಿಯನ್ನು ಹಸಿಯಾಗಿಯೇ ಇಡುವ ಫೈಲಿನಲ್ಲಿ, ತೆಗೆಯಲು ಶುರುಮಾಡಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 14 ಬಿಟ್ ರಾದಲ್ಲಿ 16,384. ಆಮೇಲೆ ನೆರಳನ್ನು ಎತ್ತುವಾಗ, ವೈಟ್ ಬ್ಯಾಲೆನ್ಸ್ ಬದಲಿಸುವಾಗ ವ್ಯತ್ಯಾಸ ಕಾಣುತ್ತದೆ. ಆದರೆ ಪೂರ್ತಿ ಬಿಳಿಯಾಗಿ ಸುಟ್ಟುಹೋದ ಆಕಾಶವನ್ನು ರಾ ಕೂಡ ವಾಪಸ್ ತರಲ್ಲ. ಸ್ಕ್ರೀನಿನಲ್ಲಿ ಸುಟ್ಟ ಜಾಗ ಮಿಣುಕುವ ಸೆಟ್ಟಿಂಗ್ ಇರುತ್ತದೆ, ಆನ್ ಮಾಡಿಡಿ.

ಚೌಕಟ್ಟಿನ ಬಗ್ಗೆ ಜಾಸ್ತಿ ಹೇಳಲ್ಲ. ಮೂರನೇ ಒಂದು ಭಾಗದ ನಿಯಮ (ಚೌಕಟ್ಟನ್ನು ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲಿಡುವುದು) ಎಲ್ಲರೂ ಹೇಳಿಕೊಡುತ್ತಾರೆ, ಅಷ್ಟೊಂದು ತಲೆಕೆಡಿಸಿಕೊಳ್ಳುವಂಥದ್ದೇನಲ್ಲ. ಒತ್ತುವ ಮುಂಚೆ ನಾಲ್ಕೂ ಮೂಲೆ ನೋಡಿ, ತಲೆಯ ಹಿಂದೆ ಕಂಬ ಇದ್ದರೆ ಎರಡು ಹೆಜ್ಜೆ ಸರಿಯಿರಿ. ಇನ್ನೊಂದು, 18ರಲ್ಲಿ ಮುಖದ ಹತ್ತಿರ ಹೋಗಬೇಡಿ, ಮೂಗು ಉಬ್ಬುತ್ತದೆ. ಅದಕ್ಕೆ ಕಾರಣ ಲೆನ್ಸಲ್ಲ, ನೀವು ನಿಂತ ದೂರ. ಹಿಂದೆ ಸರಿದು 55ಕ್ಕೆ ಝೂಮ್ ಮಾಡಿ, ಮುಖ ಸರಿಹೋಗುತ್ತದೆ. ಝೂಮನ್ನು ಸುಮ್ನೆ ಆ ಕಡೆ ಈ ಕಡೆ ತಿರುಗಿಸುವ ಅಭ್ಯಾಸ ಹೋಗಬೇಕಾದರೆ ಕೆಲವು ವಾರ 35ರಲ್ಲೇ ನಿಲ್ಲಿಸಿ, ಕಾಲಲ್ಲಿ ನಡೆದು ತೆಗೆಯಿರಿ. ನಿಮ್ಮ ಸೆನ್ಸರ್‌ನಲ್ಲಿ ಅದು ಫುಲ್ ಫ್ರೇಮ್‌ನಲ್ಲಿ 50 ಎಂಎಂ ಕೊಡುವಂಥ ನೋಟವನ್ನೇ ಸುಮಾರಾಗಿ ಕೊಡುತ್ತದೆ. ಹೆಸರಾಂತ ಫ್ರೆಂಚ್ ಫೋಟೊಗ್ರಾಫರ್ ಹೆನ್ರಿ ಕಾರ್ಟಿಯೆ ಬ್ರೆಸಾನ್ ತಮ್ಮ ಹೆಚ್ಚಿನ ಕೆಲಸವನ್ನು ಲೈಕಾ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹಾಕಿಯೇ ಮಾಡಿದರು.

ಇನ್ನು ಖರೀದಿ. ಫುಲ್ ಫ್ರೇಮ್‌ನಿಂದ ನಾಯ್ಸ್‌ನಲ್ಲಿ ಸುಮಾರು ಒಂದು ಸ್ಟಾಪಿನಷ್ಟು (ಬೆಳಕು ಎರಡು ಪಟ್ಟಾದಷ್ಟು) ಲಾಭ, ಆದರೆ ಅದಕ್ಕೆ ತಕ್ಕ ಲೆನ್ಸೂ ಬೇಕು. ಈಗ ಬೇಡ. ಇಷ್ಟೆಲ್ಲ ಮಾಡಿದ ಮೇಲೂ ಮನೆಯೊಳಗೆ 1/250 ಇಟ್ಟರೆ ಐಎಸ್‌ಒ ಆಕಾಶಕ್ಕೆ ಹೋಗುತ್ತಿದೆ ಅಂದರೆ ಆಗ ಎಫ್/1.8 ಲೆನ್ಸ್ ತಗೊಳ್ಳಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ನಿಮ್ಮ ಕಿಟ್ ಲೆನ್ಸ್ 55ರಲ್ಲಿ ಎಫ್/5.6ಕ್ಕಿಂತ ತೆರೆಯಲ್ಲ. 1.8 ಅದಕ್ಕಿಂತ ಹತ್ತಿರ ಹತ್ತಿರ 10 ಪಟ್ಟು ಬೆಳಕು ಬಿಡುತ್ತದೆ, ಐಎಸ್‌ಒ 6400 ಬೇಕಾದ ಜಾಗದಲ್ಲಿ 640 ಸಾಕಾಗುತ್ತದೆ. 50 ಎಂಎಂ ಎಲ್ಲರೂ ತಗೊಳ್ಳುತ್ತಾರೆ, ಆದರೆ ನಿಮ್ಮ ಸೆನ್ಸರ್‌ನಲ್ಲಿ ಅದು 75ರ ನೋಟ. ಚಿಕ್ಕ ಕೋಣೆಯಲ್ಲಿ ಬೆನ್ನು ಗೋಡೆಗೆ ಒರಗಿದರೂ ಇಬ್ಬರು ಮಕ್ಕಳನ್ನು ಚೌಕಟ್ಟಿನೊಳಗೆ ಹಿಡಿಸುವುದು ಕಷ್ಟವಾಗಬಹುದು. ಮನೆಯೊಳಗೇ ಜಾಸ್ತಿ ತೆಗೆಯುತ್ತೀರಿ ಅಂದರೆ 35 ಎಂಎಂ ನೋಡಿ. ತಂದ ಮೇಲೆ ಯಾವಾಗಲೂ 1.8ರಲ್ಲೇ ತೆಗೆಯಬೇಡಿ. ಕಿಂಡಿ ಅಷ್ಟು ತೆರೆದಾಗ ಚೂಪಾಗಿ ಬರುವ ಆಳ ಕಮ್ಮಿ, ಹತ್ತಿರದಿಂದ ತೆಗೆದರೆ ಒಂದು ಕಣ್ಣು ಚೂಪು, ಇನ್ನೊಂದು ಮಸುಕು ಬರುತ್ತದೆ. ಒಬ್ಬರಾದರೆ ಎಫ್/2.5ರ ಆಸುಪಾಸು ಇಡಿ. ಇಬ್ಬರು ಹಿಂದೆ ಮುಂದೆ ನಿಂತಿದ್ದರೆ 4 ಅಥವಾ 5.6 ಬೇಕಾಗುತ್ತದೆ, ಇಲ್ಲವೇ ಇಬ್ಬರನ್ನೂ ಒಂದೇ ಸಾಲಿಗೆ ತನ್ನಿ.